“ರಕ್ಷಣೆ ಅಂತ ಬರೀತೀರಿ, ಆಮೇಲೆ ಎಂಥ ಆಗ್ತದೆ?”

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿ, ಮುಂಡಗೋಡ ದಾಟಿದರೆ ತಡಸ. ಶಿಗ್ಗಾಂವ ತಾಲೂಕಿನ ಈ ಊರು ನಮ್ಮ ಕರಾವಳಿಯ ಲಾರಿಯವರಿಗೆ ಹೊಸತಲ್ಲ. ಆ ದಾರಿ ಹಿಡಿದು ಬಂದವರಿಗೆ ಪುಣೆ–ಬೆಂಗಳೂರು ಹೆದ್ದಾರಿ ಸಿಗುವುದು ಇಲ್ಲೇ. ಶಿಶುನಾಳ ಶರೀಫ ಸಾಹೇಬರ ಊರಿಗೆ ಹೋಗುವವರೂ ಈ ಕಡೆಯಿಂದಲೇ ತಿರುಗುತ್ತಾರೆ. ಹುಬ್ಬಳ್ಳಿಗೆ ಹೊರಟಿದ್ದ ನಾವು ಮೊನ್ನೆ ತಡಸ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಉಳ್ಳಾಲದ ಕಡೆಯ ಒಬ್ಬರು ಕಾಕ ಸಿಕ್ಕಿದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಪತ್ರಿಕೆಯವರೆಂದು ಗೊತ್ತಾದದ್ದೇ ತಡ, ಕೈಯಲ್ಲಿದ್ದ ಪೇಪರನ್ನು ನಮ್ಮ ಮುಂದೆ ಹಿಡಿದರು. ಯಾವುದೋ ಊರಿನ ಸುದ್ದಿ: ಲಾಡ್ಜ್ ಮೇಲೆ ಪೊಲೀಸ್ ದಾಳಿ, ಇಬ್ಬರ ಬಂಧನ, ಮೂವರು ಮಹಿಳೆಯರ ರಕ್ಷಣೆ.

“ರಕ್ಷಣೆ ಅಂತ ಬರೀತೀರಿ ಮಾರಾಯ್ರೆ. ಆಮೇಲೆ ಎಂಥ ಆಗ್ತದೆ ಅವರಿಗೆ? ಅದನ್ನು ಒಂದು ದಿನವೂ ಬರೆದದ್ದು ನಾನು ನೋಡಿಲ್ಲ.”

ನಮ್ಮ ಬಳಿ ತಕ್ಷಣ ಉತ್ತರ ಇರಲಿಲ್ಲ. ಇಂಥ ಸುದ್ದಿಗಳನ್ನು ನಾವೂ ಎಷ್ಟೋ ಬರೆದಿದ್ದೇವೆ. ಆರೋಪಿಗೆ ಎಷ್ಟು ವರ್ಷ ಶಿಕ್ಷೆ ಆಗಬಹುದು ಎಂದು ಹುಡುಕಿದ್ದೇವೆ. ಆ ಹೆಣ್ಣುಮಗಳಿಗೆ ಏನು ಬರಬೇಕು ಎಂದು ಕೇಳಿದ್ದು ಕಡಿಮೆ. ಈ ವಾರ ಅದನ್ನೇ ಬರೆಯೋಣ ಎಂದು ಹೊರಟಿದ್ದೇವೆ. ವಿಷಯ ಮನೆಯಲ್ಲಿ ಗಟ್ಟಿಯಾಗಿ ಓದುವಂಥದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೂ ಓದಿ.

ಮೊದಲು ದಾಳಿಯ ಮಾತು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಅಂದರೆ ಪೊಲೀಸರು ‘ಪಿಟಾ’ ಎನ್ನುವ ಕಾಯ್ದೆ, ದಂಧೆ ನಡೆಸುವವನನ್ನು ಹಿಡಿಯಲು ಬಂದದ್ದು. ಆದರೆ ಅದರ 8ನೇ ಕಲಮಿನಡಿ ಗಿರಾಕಿಯನ್ನು ಕರೆದಳು ಎಂದು ಹೆಣ್ಣಿನ ಮೇಲೆಯೇ ಕೇಸು ಹಾಕಿದ್ದೂ ಉಂಟು. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಸೂಚನೆ ಕೊಟ್ಟಿತು: ದಾಳಿ ಮಾಡಿದಾಗ ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣನ್ನು ಬಂಧಿಸಬೇಡಿ, ಪೀಡಿಸಬೇಡಿ, ಮಗುವನ್ನು ತಾಯಿಯಿಂದ ಬೇರೆ ಮಾಡಬೇಡಿ. ವಿಳಾಸದ ದಾಖಲೆ ಇಲ್ಲದವರಿಗೂ ಆಧಾರ್ ಕೊಡಿ, ಅದರಲ್ಲಿ ಅವರ ಕೆಲಸದ ಗುರುತು ಬೀಳದಂತೆ ನೋಡಿಕೊಳ್ಳಿ ಎಂದೂ ಹೇಳಿತು. ಆಧಾರ್ ಇಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಖಾತೆ ಇಲ್ಲದೆ ಪರಿಹಾರದ ಹಣ ಬರುವುದಿಲ್ಲ. ಹಾಗಾಗಿ ಇದು ಸಣ್ಣ ವಿಷಯವಲ್ಲ.

ಇನ್ನು ಪರಿಹಾರ. ಕ್ರಿಮಿನಲ್ ಕೇಸು ಸರ್ಕಾರಕ್ಕೂ ಆರೋಪಿಗೂ ನಡುವಿನದ್ದು. ಅಲ್ಲಿ ಆಕೆ ಬರೀ ಸಾಕ್ಷಿ. ಕೇಸು ಮುಗಿಯಲು ವರ್ಷಗಟ್ಟಲೆ ಬೇಕು. ಆದರೆ ಪರಿಹಾರ ಕೇಳಲು ತೀರ್ಪಿನವರೆಗೆ ಕಾಯಬೇಕಾಗಿಲ್ಲ. ಹಿಂದೆ ಸಿಆರ್‌ಪಿಸಿ 357ಎ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಇದರಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆರೋಪಿ ಯಾರೆಂದು ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಕೊಡಬಹುದು. ಎರಡು ತಿಂಗಳೊಳಗೆ ವಿಚಾರಿಸಿ ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದು ಬರೆದಿದೆ. ಅರ್ಜಿಗೆ 3 ವರ್ಷದ ಗಡುವು ಉಂಟು, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಮನ್ನಾ ಮಾಡಬಹುದು. ಹದಿನೆಂಟು ತುಂಬದ ಮಗುವಾದರೆ ಪೋಕ್ಸೊ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರಕ್ಕೆ ಆದೇಶ ಮಾಡಬಹುದು, ಆದೇಶ ತಲುಪಿದ 30 ದಿನದೊಳಗೆ ಹಣ ಕೊಡಬೇಕು.

ಇಲ್ಲಿ ಒಂದು ಜಾಗ್ರತೆ ಬೇಕು. ಬಲವಂತದಿಂದ ದಂಧೆಗೆ ದೂಡಿದ ಹೆಣ್ಣಿನ ಎಫ್‌ಐಆರ್‌ನಲ್ಲಿ ಬರೀ ಪಿಟಾ ಕಲಂ ಹಾಕಿ, ಮಾನವ ಕಳ್ಳಸಾಗಣೆ ಮತ್ತು ಅತ್ಯಾಚಾರದ ಕಲಂ ಬಿಟ್ಟರೆ ಪರಿಹಾರದ ಅರ್ಜಿಯೂ ಸೊರಗುತ್ತದೆ. ಏನು ನಡೆಯಿತು ಎಂದು ಆಕೆ ಹೇಳುವ ಮೊದಲ ಹೇಳಿಕೆಯ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಬೇರೆ ಬಗೆಯ ಪ್ರಕರಣವಾದರೂ ಹಾನಗಲ್ಲಿನದು ನೆನಪಾಗುತ್ತದೆ. 2024ರ ಜನವರಿಯಲ್ಲಿ ಅಲ್ಲಿನ ಲಾಡ್ಜ್ ಒಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಜೋಡಿಯನ್ನು ‘ನೀತಿ’ ಹೆಸರಿನಲ್ಲಿ ಹೊಡೆದು, ಹೆಣ್ಣುಮಗಳನ್ನು ಎಳೆದೊಯ್ದ ಪ್ರಕರಣ ಅದು. ಮೊದಲು ದಾಖಲಾದದ್ದು ಹಲ್ಲೆಯ ಕೇಸು. ಆಕೆ ಧೈರ್ಯ ಮಾಡಿ ಹೇಳಿಕೆ ಕೊಟ್ಟ ಮೇಲೆಯೇ ಸಾಮೂಹಿಕ ಅತ್ಯಾಚಾರದ ಕಲಂ ಸೇರಿತು. ಆಕೆಯೂ ನಮ್ಮ ಸಮುದಾಯದವಳು, ಆರೋಪಿಗಳೂ ನಮ್ಮವರೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳು ಕಾರು ಬೈಕುಗಳಲ್ಲಿ ಅಕ್ಕಿಆಲೂರಿನವರೆಗೆ ಮೆರವಣಿಗೆ ಹೋದದ್ದನ್ನು ಇಡೀ ರಾಜ್ಯ ನೋಡಿತು. ಜಾಮೀನು, ವಾಯಿದೆ ಎರಡೂ ಹೆಣ್ಣಿನ ಕೈಯಲ್ಲಿ ಇರುವುದಿಲ್ಲ. ಪರಿಹಾರದ ಅರ್ಜಿ ಆಕೆಯ ಕೈಯಲ್ಲಿ ಇರುತ್ತದೆ.

ಕಾಕನಿಗೆ ಇದಕ್ಕಿಂತ ದೊಡ್ಡ ಸಂಶಯ ಸಾಲದ್ದು. “ಅಡ್ವಾನ್ಸ್ ಕೊಟ್ಟು ತಂದದ್ದು ಅಂತ ಹೇಳ್ತಾರಲ್ಲ, ಆ ಸಾಲ ತೀರಿಸದೆ ಬಿಡ್ತಾರಾ?” ಎಂದು ಕೇಳಿದರು. ದಂಧೆಯ ಬೀಗ ಇರುವುದೇ ಇಲ್ಲಿ. ಮನೆಯ ಕಾಯಿಲೆಗೆ, ಅಕ್ಕನ ಮದುವೆಗೆ, ಬಡ್ಡಿ ತೀರಿಸಲಿಕ್ಕೆ ಎಂದು ಯಾರೋ ಹಣ ಕೊಟ್ಟಿರುತ್ತಾರೆ. ಆಮೇಲೆ ಊಟ, ಬಾಡಿಗೆ, ಬಟ್ಟೆ ಎಲ್ಲವೂ ಅದೇ ಲೆಕ್ಕಕ್ಕೆ ಸೇರಿ ಸಾಲ ಇಳಿಯುವುದೇ ಇಲ್ಲ. ಕಾನೂನಿನ ಪ್ರಕಾರ ಆ ಸಾಲಕ್ಕೆ ಕಾಸಿನ ಬೆಲೆಯೂ ಇಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮಿನ ಕೆಳಗೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹೀಗಿದೆ: ಮಗಳನ್ನು ಉಪಪತ್ನಿಯಾಗಿ ಬಾಡಿಗೆಗೆ ಕೊಡುವೆನೆಂದು ಒಬ್ಬರು ಮಾಡಿಕೊಂಡ ಕರಾರು ಅನೈತಿಕ, ಆದ್ದರಿಂದ ಅಸಿಂಧು. ನೂರೈವತ್ತು ವರ್ಷದ ಹಿಂದೆಯೇ ಬರೆದಿಟ್ಟ ಮಾತು. ಇಂಥ ಹಣಕ್ಕಾಗಿ ಯಾವನೂ ಕೋರ್ಟಿಗೆ ಹೋಗಿ ವಸೂಲಿ ಮಾಡಲಾರ. ಅದಕ್ಕೇ ಅವರು ಕೋರ್ಟಿಗೆ ಹೋಗುವುದಿಲ್ಲ, ಮನೆ ಬಾಗಿಲಿಗೆ ಬಂದು ಹೆದರಿಸುತ್ತಾರೆ. ಹಾಗೆ ಬಂದವನ ಕೈಗೆ ಹಣ ಕೊಡಬೇಡಿ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಜೀತದ ಸಾಲ ತೀರಿಸುವ ಹೊಣೆಯೇ ಅಳಿದುಹೋಗುತ್ತದೆ. ಜೀತ ಎಂದರೆ ಹೊಲ, ಕ್ವಾರಿ, ಇಟ್ಟಿಗೆ ಭಟ್ಟಿ ಮಾತ್ರ ಎಂದು ನಾವು ಅಂದುಕೊಂಡಿರುತ್ತೇವೆ. ಕೇಂದ್ರ ಸರ್ಕಾರದ 2016ರ ಪುನರ್ವಸತಿ ಯೋಜನೆ ವೇಶ್ಯಾಗೃಹ, ಮಸಾಜ್ ಪಾರ್ಲರ್, ಕೆಲಸ ಕೊಡಿಸುವ ಏಜೆನ್ಸಿಗಳ ಮೂಲಕ ಲೈಂಗಿಕ ಶೋಷಣೆಗೆ ಒಳಗಾದವರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಅವರಿಗೆ 3 ಲಕ್ಷ ರೂಪಾಯಿ, ಬಿಡುಗಡೆಯಾದ ಕೂಡಲೇ ಕೈಖರ್ಚಿಗೆ 30,000 ರೂಪಾಯಿವರೆಗೆ. ಇದಕ್ಕೆ ಬೇಕಾದದ್ದು ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಕೊಡುವ ‘ಬಿಡುಗಡೆ ಪತ್ರ’ ಎಂಬ ಒಂದು ಹಾಳೆ. ತಡಸದವರಿಗೆ ಆ ಕಚೇರಿ ಸವಣೂರಿನಲ್ಲಿ, ನಮ್ಮವರಿಗೆ ಮಂಗಳೂರಿನಲ್ಲಿ, ಪುತ್ತೂರಿನಲ್ಲಿ, ಕುಂದಾಪುರದಲ್ಲಿ. ದಾಳಿಯಾದ ದಿನ ಪೊಲೀಸರ ಗಡಿಬಿಡಿಯಲ್ಲಿ ಈ ಹಾಳೆಯ ನೆನಪು ಯಾರಿಗೂ ಇರುವುದಿಲ್ಲ. ವಕೀಲರು ನೆನಪಿಸಬೇಕು, ಇಲ್ಲದಿದ್ದರೆ ಮನೆಯವರೇ ಕೇಳಬೇಕು.

ಇನ್ನು ನಮ್ಮ ಮನೆಯೊಳಗಿನ ಮಾತು. ಹೊರಗಿನ ಏಜೆಂಟನಿಗಿಂತ ಕಷ್ಟದ ಪ್ರಶ್ನೆ, ದೂಡುವವನು ಗಂಡನೇ ಆಗಿದ್ದರೆ? ಊರು, ಮನೆ ಸರಿಯಾಗಿ ವಿಚಾರಿಸದೆ ಅವಸರದಲ್ಲಿ ನಿಕಾಹ್ ಮಾಡಿಕೊಟ್ಟ ಬಡ ಮನೆಗಳ ಹುಡುಗಿಯರಿಗೆ ಈ ಅಪಾಯ ಹೆಚ್ಚು. ವಾಪಸ್ ಬಂದವಳು ಉಮ್ಮನ ಹತ್ತಿರ ಅರ್ಧ ಹೇಳುತ್ತಾಳೆ, ಉಮ್ಮ ಮನೆಯ ಹಿರಿಯರಿಗೆ ಅದರ ಕಾಲು ಭಾಗ ಹೇಳುತ್ತಾಳೆ, ಜಮಾಅತಿನ ಮುಂದೆ ಬರುವಾಗ ‘ಗಂಡ ಸರಿ ಇಲ್ಲ’ ಎನ್ನುವುದಷ್ಟೇ ಉಳಿದಿರುತ್ತದೆ. ಮರ್ಯಾದೆ ಹೋಗಬಾರದೆಂದು ಖುಲಾ ಮಾಡಿಸಿ ಮುಗಿಸುತ್ತಾರೆ. ಖುಲಾದಲ್ಲಿ ಸಾಮಾನ್ಯವಾಗಿ ಮಹರ್ ಬಿಟ್ಟುಕೊಡಬೇಕು. ಹೆಣ್ಣನ್ನು ಮಾರಲು ಹೊರಟವನಿಗೆ ಮಹರನ್ನೂ ವಾಪಸ್ ಕೊಟ್ಟು ಕಳಿಸಿದ ಹಾಗಾಯಿತು.

1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಇದಕ್ಕೆ ಬೇರೆಯೇ ದಾರಿ ಇದೆ. ಅದರ 2ನೇ ಕಲಂ ಗಂಡನ ಕ್ರೌರ್ಯ ಎಂದರೆ ಏನೇನು ಎಂದು ಬಿಡಿಸಿ ಹೇಳುತ್ತದೆ. ಹೊಡೆಯುವುದು ಒಂದೇ ಅಲ್ಲ, ಹೆಂಡತಿಯನ್ನು ಅನೈತಿಕ ಬದುಕಿಗೆ ಬಲವಂತ ಮಾಡಲು ‘ಪ್ರಯತ್ನಿಸುವುದು’ ಕೂಡ ಕ್ರೌರ್ಯ. ಪ್ರಯತ್ನ ಸಾಕು, ಅದು ನಡೆದೇ ಹೋಗಬೇಕೆಂದಿಲ್ಲ. ಅವಳ ಆಸ್ತಿ ಮಾರಿಬಿಡುವುದೂ ಅದೇ ಪಟ್ಟಿಯಲ್ಲಿದೆ, ಚಿನ್ನ ಅಡವಿಟ್ಟು ಪರಾರಿಯಾದ ಗಂಡಂದಿರನ್ನು ಬಲ್ಲವರಿಗೆ ಇದು ಅರ್ಥವಾದೀತು. ಈ ಕಾರಣಕ್ಕೆ ನ್ಯಾಯಾಲಯ ಮದುವೆ ಬಿಡುಗಡೆ ಕೊಟ್ಟರೆ ಮಹರಿನ ಹಕ್ಕಿಗೆ ಧಕ್ಕೆ ಇಲ್ಲ ಎಂದು 5ನೇ ಕಲಂ ಹೇಳುತ್ತದೆ. ಗಂಡನ ಒಪ್ಪಿಗೆ ಬೇಡ. ಇದು ಹೊರಗಿನವರು ನಮ್ಮ ಮೇಲೆ ಹೇರಿದ ಕಾನೂನು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಮಾಲಿಕಿ ಮದ್‌ಹಬಿನ ಆಧಾರದಲ್ಲಿ ತೋರಿಸಿದ ದಾರಿಯಿಂದ ಬೆಳೆದ ಕಾಯ್ದೆ ಇದು.

ಅರ್ಜಿ ಕುಟುಂಬ ನ್ಯಾಯಾಲಯಕ್ಕೆ, ಅದಿಲ್ಲದ ಕಡೆ ಸಿವಿಲ್ ನ್ಯಾಯಾಲಯಕ್ಕೆ. ಜತೆಗೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ರಕ್ಷಣಾ ಆದೇಶ, ಇರಲು ಮನೆ, ಮಕ್ಕಳ ಸುಪರ್ದಿ, ಜೀವನಾಂಶ ಕೇಳಬಹುದು. 22ನೇ ಕಲಮಿನಲ್ಲಿ ಮಾನಸಿಕ ಹಿಂಸೆಗೂ ಪರಿಹಾರ ಉಂಟು. ಜಮಾಅತಿನ ಹಿರಿಯರು ಇದಕ್ಕೆ ಅಡ್ಡ ಬರಬೇಕಾಗಿಲ್ಲ. ಪಂಚಾಯ್ತಿಯಲ್ಲಿ ಸಹಿ ಹಾಕಿಸುವ ಮೊದಲು ಹುಡುಗಿಯನ್ನು ಒಬ್ಬ ವಕೀಲೆಯ ಹತ್ತಿರ ಒಂಟಿಯಾಗಿ ಮಾತಾಡಲು ಬಿಟ್ಟರೆ ಸಾಕು. ಖುಲಾ ಪತ್ರಕ್ಕೆ ಸಹಿ ಬಿದ್ದ ಮೇಲೆ ವಕೀಲರ ಬಳಿ ಹೋದರೆ ಕೆಲಸ ಇಮ್ಮಡಿ.

ಮನೆ ಬಾಡಿಗೆ ಕೊಡುವವರಿಗೂ ಒಂದು ಮಾತು, ಏಕೆಂದರೆ ಗಲ್ಫಿನಲ್ಲಿದ್ದು ಮಂಗಳೂರಿನ ಫ್ಲ್ಯಾಟನ್ನು ಬ್ರೋಕರ್ ಕೈಗೆ ಕೊಟ್ಟವರು ನಮ್ಮಲ್ಲಿ ತುಂಬಾ ಜನ. ಪಿಟಾ 3ನೇ ಕಲಮಿನಡಿ ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕನೂ ಅಪರಾಧಿ. ಪೊಲೀಸರು ಶೋಧಿಸಿದಾಗ ಆ ಜಾಗದಲ್ಲಿ ದಂಧೆ ಕಂಡುಬಂತು ಎಂದು ಮಾಲೀಕ ವಾಸವಿರುವ ಪ್ರದೇಶದಲ್ಲಿ ಓದುವ ಪತ್ರಿಕೆಯಲ್ಲಿ ಸುದ್ದಿ ಬಂದರೆ ಸಾಕು, ಆಮೇಲೂ ನಡೆದರೆ ‘ನನಗೆ ಗೊತ್ತಿರಲಿಲ್ಲ’ ಎಂದು ಸಾಬೀತು ಮಾಡುವ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಶಿಕ್ಷೆಯಾದರೆ ಬಾಡಿಗೆ ಕರಾರೂ ರದ್ದು. ಪೇಪರ್ ಓದದೆ ಇರುವುದು ಕೂಡ ದುಬಾರಿ ನೋಡಿ.

ತಡಸದ ಸುತ್ತಲಿನ ಸೀಮೆಗೆ ಇನ್ನೊಂದು ಹಳೆಯ ಗಾಯ ಇದೆ, ದೇವದಾಸಿ ಪದ್ಧತಿಯದ್ದು. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಆದರೆ ಅಲ್ಲಿ ಹುಟ್ಟಿದ ಮಕ್ಕಳ ಹಕ್ಕಿನ ಬಗ್ಗೆ ಸುಮ್ಮನಿತ್ತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ತಂದೆ ಯಾರೆಂದು ಗುರುತಿಸಿಕೊಳ್ಳುವ, ಬೇಕಿದ್ದರೆ ಡಿಎನ್‌ಎ ಪರೀಕ್ಷೆ ಕೇಳುವ, ಅವನ ಆಸ್ತಿಯಲ್ಲಿ ಪಾಲು ಪಡೆಯುವ ಹಕ್ಕನ್ನು ಆ ಮಕ್ಕಳಿಗೆ ಕೊಟ್ಟಿದೆ. ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯವೂ ಇಲ್ಲ. ಶಿಕ್ಷೆಯಿಂದ ಹಕ್ಕಿನ ಕಡೆಗೆ ಕಾನೂನು ತಿರುಗಿದ್ದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನಮ್ಮ ರಾಜ್ಯದಲ್ಲಿ ಬೇರೊಂದು ನಮಗೆ ಕಾಣಲಿಲ್ಲ.

ದಂಧೆ ನಡೆಸಿದವನ ಮೇಲೆ ನೇರವಾಗಿ ನಷ್ಟ ಪರಿಹಾರದ ಸಿವಿಲ್ ದಾವೆ ಹೂಡಬಹುದೇ? ಹೂಡಬಹುದು. ಅಮೆರಿಕದಲ್ಲಿ 2003ರಿಂದ ಅದಕ್ಕೆಂದೇ ಕಾನೂನು ಇದೆ, ಅಲ್ಲಿ ಲಾಭ ಮಾಡಿಕೊಂಡ ಹೋಟೆಲುಗಳ ಮೇಲೂ ದಾವೆ ಬೀಳುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ, ಸಾಮಾನ್ಯ ಸಿವಿಲ್ ಕಾನೂನಿನಲ್ಲೇ ಹೋಗಬೇಕು. ಕೋರ್ಟ್ ಶುಲ್ಕಕ್ಕೆ ಹಣವಿಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಬಹುದು. ಆದರೆ ಕಾಲಮಿತಿ ಬಿಗಿ: ಕೂಡಿಹಾಕಿದ್ದಕ್ಕೆ ಪರಿಹಾರ ಕೇಳುವುದಾದರೆ ಬಿಡುಗಡೆಯಾದ ಒಂದು ವರ್ಷದೊಳಗೆ. ಆಗ ಅಪ್ರಾಪ್ತಳಾಗಿದ್ದರೆ ಹದಿನೆಂಟು ತುಂಬಿದ ಮೇಲೆ ಲೆಕ್ಕ ಶುರು. ಮನೆಯವರು ‘ಸ್ವಲ್ಪ ತಣ್ಣಗಾಗಲಿ’ ಎಂದು ಕಾಯುವ ಅವಧಿಯಲ್ಲೇ ಆ ಒಂದು ವರ್ಷ ಕಳೆದುಹೋಗುತ್ತದೆ.

ವಕೀಲರ ಖರ್ಚು ಯಾರು ಕೊಡುವುದು ಎಂದು ಕಾಕ ಕೇಳಿಯೇ ಕೇಳಿದರು. ಸರ್ಕಾರ ಕೊಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕಳ್ಳಸಾಗಣೆಗೆ ಒಳಗಾದವರಿಗೂ ಎಲ್ಲ ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರು. ಆದಾಯ ಪ್ರಮಾಣಪತ್ರ ಬೇಡ. ಶಿಗ್ಗಾಂವದ ಕೋರ್ಟಿನಲ್ಲಿ ತಾಲೂಕು ಸಮಿತಿ, ಹಾವೇರಿಯಲ್ಲೂ ಮಂಗಳೂರಿನಲ್ಲೂ ಜಿಲ್ಲಾ ಪ್ರಾಧಿಕಾರ. ಫೋನು 15100. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಈಗಿಂದೀಗ ಅಪಾಯ ಇದ್ದರೆ 112. ಹೋಗುವಾಗ ಇಷ್ಟು ಇಟ್ಟುಕೊಳ್ಳಿ: ಎಫ್‌ಐಆರ್ ಪ್ರತಿ, ಆಸ್ಪತ್ರೆ ಚೀಟಿ, ನಿಕಾಹ್ ಪತ್ರ, ಹಣ ಕಳಿಸಿದ ಮೊಬೈಲ್ ಮೆಸೇಜು. ಸಿಟ್ಟಿನಲ್ಲಿ ಮೆಸೇಜು ಅಳಿಸಬೇಡಿ.

ಚಹಾದಂಗಡಿಯ ಅಕ್ಕ ಅಷ್ಟು ಹೊತ್ತೂ ಸ್ಟೋವ್ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಲೋಟ ತೆಗೆದುಕೊಳ್ಳಲು ಬಂದಾಗ, “ಆ ನಂಬರ್ ಇನ್ನೊಮ್ಮೆ ಹೇಳ್ರಿ. ಇಲ್ಲಿ ಗೋಡಿ ಮ್ಯಾಲ ಬರದ ಇಡ್ತೇನಿ,” ಎಂದರು. ಕಾಕ ತಮ್ಮ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.