ಒಂದೇ ಪಟ್ಟೆ, ಹಲವು ನಾಡು: ಅರಗಾನ್ ಪರಂಪರೆಯ ಬಾವುಟಗಳು

ಭಾಷಾವಿಜ್ಞಾನದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಕೊಡಲಾಗುತ್ತದೆ. ಎರಡು ಭಾಷೆಗಳ ಪದಗಳು ಒಂದರಂತೊಂದು ಕಂಡ ಮಾತ್ರಕ್ಕೆ ಆ ಭಾಷೆಗಳು ನೆಂಟರೆಂದು ತೀರ್ಮಾನಿಸಬಾರದು. ಕನ್ನಡದ ಕಣ್ಣು, ತಮಿಳಿನ ಕಣ್, ತೆಲುಗಿನ ಕನ್ನು ಒಂದೇ ಬೇರಿನಿಂದ ಒಡೆದ ಜ್ಞಾತಿ ಪದಗಳು. ಕನ್ನಡದ ಕಾಗದಕ್ಕೂ ಪಾರಸಿಯ ಕಾಗಜಿಗೂ ಇರುವ ಹೋಲಿಕೆ ಎರವಲಿನಿಂದ ಬಂದದ್ದು. ಪಾರಸಿಯ ‘ಬದ್’, ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಕೆಟ್ಟದ್ದೆಂಬ ಅರ್ಥವೇ ಇದ್ದರೂ ಅವುಗಳ ಹೋಲಿಕೆ ಕೇವಲ ಆಕಸ್ಮಿಕ. ನೆಂಟಸ್ತಿಕೆ, ಎರವಲು, ಆಕಸ್ಮಿಕ ಎಂಬ ಈ ಮೂರನ್ನು ಬೇರ್ಪಡಿಸಿ ನೋಡುವುದು ತೌಲನಿಕ ಅಧ್ಯಯನದ ಮೊದಲ ಪಾಠ.

ಈ ವಿವೇಕ ನಾಡಬಾವುಟಗಳ ಅಧ್ಯಯನಕ್ಕೂ ಸಲ್ಲುತ್ತದೆ. ಬಾವುಟವೂ ಒಂದು ಬಗೆಯ ಪದವೇ. ಅದರ ಬಣ್ಣ ಮತ್ತು ವಿನ್ಯಾಸ ಕಣ್ಣಿಗೆ ಕಾಣುವ ರೂಪ, ಅದನ್ನು ಎತ್ತಿ ಹಿಡಿದ ಜನ ತುಂಬಿದ್ದು ಅದರ ಅರ್ಥ. ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವುದೂ ಉಂಟು. ಇದನ್ನು ಪರಿಶೀಲಿಸಲು ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗಕ್ಕಿಂತ ತಕ್ಕ ಪ್ರದೇಶ ಸಿಗುವುದು ಕಷ್ಟ. ಸ್ಪೇನ್ ದೇಶದ ಪೂರ್ವಕ್ಕಿರುವ ಕ್ಯಾಟಲೋನಿಯ, ಅರಗಾನ್, ವಲೆನ್ಸಿಯ ಮತ್ತು ಬಲೆಯಾರಿಕ್ ದ್ವೀಪಗಳೆಂಬ ನಾಲ್ಕು ಸ್ವಾಯತ್ತ ಪ್ರಾಂತಗಳ ಬಾವುಟಗಳಲ್ಲಿಯೂ ಇರುವುದು ಹಳದಿ ನೆಲದ ಮೇಲೆ ನಾಲ್ಕು ಕೆಂಪು ಪಟ್ಟೆಗಳು. ದೂರದಿಂದ ನೋಡಿದವರಿಗೆ ಇವು ಒಂದೇ ಬಾವುಟದ ನಾಲ್ಕು ಪ್ರತಿಗಳಂತೆ ತೋರುತ್ತವೆ. ಆದರೆ ಆ ಜನರ ನಡುವೆ ಈ ಪಟ್ಟೆಗಳ ಹೆಸರಿನಲ್ಲಿ ನಡೆದಿರುವ ವಾದವಿವಾದಗಳಿಗೆ ಲೆಕ್ಕವಿಲ್ಲ.

ಈ ಹೋಲಿಕೆ ಆಕಸ್ಮಿಕವಲ್ಲ. ಇದರ ಹಿಂದೆ ಒಂದು ಅರಸು ಮನೆತನದ ವಿವಾಹ ಸಂಬಂಧವಿದೆ. 1137ರಲ್ಲಿ ಅರಗಾನಿನ ಶಿಶು ರಾಜಕುಮಾರಿ ಪೆತ್ರೊನಿಲಾಳನ್ನು ಬಾರ್ಸೆಲೋನದ ದೊರೆ ನಾಲ್ಕನೆಯ ರಮೋನ್ ಬೆರೆಂಗೇರನಿಗೆ ಕೊಡುವುದೆಂದು ಒಪ್ಪಂದವಾಯಿತು. 1150ರಲ್ಲಿ ಮದುವೆ ನಡೆಯಿತು. ಅವರ ಮಗ ಆಲ್ಫೊನ್ಸೊ ಎರಡೂ ನಾಡುಗಳಿಗೆ ಒಡೆಯನಾದ. ಚರಿತ್ರೆಯಲ್ಲಿ ‘ಅರಗಾನ್ ಕಿರೀಟ’ವೆಂದು ಹೆಸರಾದ ಒಕ್ಕೂಟ ಹುಟ್ಟಿದ್ದು ಹೀಗೆ. ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಅರಸ ಒಬ್ಬನೇ ಆದರೂ ನಾಡುಗಳು ಒಂದಾಗಲಿಲ್ಲ. ಪ್ರತಿಯೊಂದು ನಾಡೂ ತನ್ನ ಕಟ್ಟಳೆ, ತನ್ನ ಪ್ರತಿನಿಧಿ ಸಭೆ, ತನ್ನ ನುಡಿಗಳನ್ನು ಉಳಿಸಿಕೊಂಡಿತು. ಎಲ್ಲಕ್ಕೂ ಸಮಾನವಾಗಿದ್ದುದು ಅರಸನ ಮುದ್ರೆ ಮತ್ತು ಗುರಾಣಿಯ ಮೇಲಿನ ಪಟ್ಟೆಗಳು. ಹನ್ನೆರಡನೆಯ ಶತಮಾನದ ನಡುವಿನಿಂದ ಈ ಪಟ್ಟೆಗಳು ಮುದ್ರೆಗಳಲ್ಲಿ ಕಾಣಸಿಗುತ್ತವೆ. ಅವು ಮೂಲತಃ ಬಾರ್ಸೆಲೋನದ ಮನೆತನದವೆಂದು ಕ್ಯಾಟಲನ್ ವಿದ್ವಾಂಸರೂ, ಅರಗಾನಿನ ರಾಜಪದವಿಗೆ ಸೇರಿದವೆಂದು ಅರಗಾನಿನ ವಿದ್ವಾಂಸರೂ ವಾದಿಸುತ್ತ ಬಂದಿದ್ದಾರೆ. ಒಂದೇ ಮನೆಯ ಆಸ್ತಿಗೆ ಇಬ್ಬರು ದಾಯಾದಿಗಳು ಹಕ್ಕು ಹೂಡಿದ ಬಗೆ ಇದು.

ಚರಿತ್ರೆ ಒಮ್ಮತಕ್ಕೆ ಬಾರದ ಕಡೆಯಲ್ಲಿ ಐತಿಹ್ಯ ತಾನಾಗಿ ಬೆಳೆಯುತ್ತದೆ. ಒಂಬತ್ತನೆಯ ಶತಮಾನದ ಬಾರ್ಸೆಲೋನದ ದೊರೆ ಗಿಫ್ರೆ ಯುದ್ಧದಲ್ಲಿ ಗಾಯಗೊಂಡು ಮಲಗಿದ್ದಾಗ ಫ್ರಾಂಕ್ ಚಕ್ರವರ್ತಿಯು ಅವನ ಗಾಯದ ರಕ್ತದಲ್ಲಿ ನಾಲ್ಕು ಬೆರಳುಗಳನ್ನು ಅದ್ದಿ ಹೊನ್ನಿನ ಗುರಾಣಿಯ ಮೇಲೆ ಎಳೆದನೆಂದೂ, ಅವೇ ನಾಲ್ಕು ಪಟ್ಟೆಗಳಾದುವೆಂದೂ ಕ್ಯಾಟಲನ್ ಮಕ್ಕಳು ಇಂದಿಗೂ ಕೇಳುತ್ತಾರೆ. ಗುರಾಣಿಯ ಮೇಲೆ ವಂಶಲಾಂಛನ ಬರೆಯುವ ಪದ್ಧತಿ ಗಿಫ್ರೆಯ ಕಾಲಕ್ಕೆ ಯುರೋಪಿನಲ್ಲಿ ಹುಟ್ಟಿಯೇ ಇರಲಿಲ್ಲ. ಕಥೆಯು ಬರಹದಲ್ಲಿ ಪ್ರಚಾರಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ, ವಲೆನ್ಸಿಯದ ಚರಿತ್ರಕಾರ ಪೆರೆ ಆಂತೋನಿ ಬ್ಯೂತರನ ಲೇಖನಿಯಿಂದ. ಕ್ಯಾಟಲೋನಿಯದ ಅತ್ಯಂತ ಪ್ರೀತಿಯ ಐತಿಹ್ಯವನ್ನು ಹರಡಿದವನು ವಲೆನ್ಸಿಯದವನೆಂಬುದು ಈ ನಾಡುಗಳ ಹೆಣಿಗೆಯನ್ನು ತೋರಿಸುತ್ತದೆ.

ಹದಿಮೂರನೆಯ ಶತಮಾನದಲ್ಲಿ ಒಂದನೆಯ ಜೌಮೆ ದೊರೆಯು ಮುಸ್ಲಿಂ ಅರಸರಿಂದ 1229ರಲ್ಲಿ ಮಯೋರ್ಕವನ್ನೂ 1238ರಲ್ಲಿ ವಲೆನ್ಸಿಯವನ್ನೂ ಗೆದ್ದುಕೊಂಡ. ಪಟ್ಟೆಗಳೂ ಕ್ಯಾಟಲನ್ ನುಡಿಯೂ ಆ ನೆಲಗಳಿಗೆ ಸಾಗಿದುವು. ಮುಂದಿನ ಶತಮಾನಗಳಲ್ಲಿ ಪ್ರತಿ ನಾಡೂ ಸಮಾನವಾದ ಪಟ್ಟೆಗಳಿಗೆ ತನ್ನದೊಂದು ಗುರುತನ್ನು ಸೇರಿಸಿಕೊಂಡಿತು. ಕ್ಯಾಟಲೋನಿಯ ಮಾತ್ರ ಬರಿಯ ಪಟ್ಟೆಗಳನ್ನೇ ಇಟ್ಟುಕೊಂಡಿದೆ. ಅದನ್ನು ಅಲ್ಲಿನವರು ‘ಸೆನ್ಯೇರ’ ಎನ್ನುತ್ತಾರೆ. ಬಲೆಯಾರಿಕ್ ದ್ವೀಪಗಳ ಬಾವುಟದ ಮೂಲೆಯಲ್ಲಿ ನೇರಳೆ ನೆಲದ ಮೇಲೆ ಐದು ಗೋಪುರಗಳ ಬಿಳಿಯ ಕೋಟೆ ಇದೆ. ವಲೆನ್ಸಿಯದ ಬಾವುಟದಲ್ಲಿ ಕಂಬದ ಪಕ್ಕಕ್ಕೆ ನೀಲಿಯ ಉದ್ದಪಟ್ಟಿಯೂ ಅದರ ಬದಿಗೆ ಕಿರೀಟದ ಅಲಂಕಾರವೂ ಇವೆ. ಅರಗಾನಿನ ಬಾವುಟ ತನ್ನ ನಾಲ್ಕು ಭಾಗಗಳ ಲಾಂಛನವನ್ನು ಹೊತ್ತಿದೆ. ಅದರ ಒಂದು ಭಾಗದಲ್ಲಿ ಅವೇ ನಾಲ್ಕು ಪಟ್ಟೆಗಳು, ಇನ್ನೊಂದರಲ್ಲಿ ಸಂತ ಜಾರ್ಜನ ಶಿಲುಬೆಯ ಸುತ್ತ ನಾಲ್ಕು ಮೂರ್ ತಲೆಗಳು. ಇದೇ ಶಿಲುಬೆ ಮತ್ತು ತಲೆಗಳ ಚಿತ್ರ ಇಟಲಿಯ ಸಾರ್ಡೀನಿಯ ದ್ವೀಪದ ಬಾವುಟವೂ ಆಗಿದೆ. ಆ ದ್ವೀಪವೂ ಒಮ್ಮೆ ಅರಗಾನ್ ಕಿರೀಟಕ್ಕೆ ಸೇರಿತ್ತೆಂಬುದಕ್ಕೆ ಅದೇ ಸಾಕ್ಷಿ.

ಗುರುತುಗಳು ಬೇರೆಯಾದಂತೆ ಹಬ್ಬಗಳೂ ಬೇರೆಯಾದುವು. ವಲೆನ್ಸಿಯದ ನಾಡಹಬ್ಬ ಅಕ್ಟೋಬರ್ 9, ಜೌಮೆ ದೊರೆ ನಗರವನ್ನು ಹೊಕ್ಕ ದಿನ. ಅಂದು ನಗರಸಭೆಯ ಮೇಲ್ಮಾಳಿಗೆಯಿಂದ ಬಾವುಟವನ್ನು ಮೆರವಣಿಗೆಗೆ ಇಳಿಸುವಾಗ ಓರೆ ಮಾಡದೆ ನೆಟ್ಟಗೆ ಇಳಿಬಿಡುತ್ತಾರೆ. ಕಿರೀಟ ಹೊತ್ತ ಬಾವುಟ ಯಾರ ಮುಂದೆಯೂ ತಲೆ ಬಾಗದೆಂಬುದು ಅದರ ಭಾವ. ಕ್ಯಾಟಲೋನಿಯ ಆಚರಿಸುವುದು ಗೆಲುವನ್ನಲ್ಲ, ಸೋಲನ್ನು. 1714ರ ಸೆಪ್ಟೆಂಬರ್ 11ರಂದು ಬೂರ್ಬನ್ ಸೈನ್ಯಕ್ಕೆ ಬಾರ್ಸೆಲೋನ ನಗರ ಬಿದ್ದ ದಿನವೇ ಅಲ್ಲಿಯ ನಾಡದಿನ. ಏಪ್ರಿಲ್ 23 ಸಂತ ಜಾರ್ಜನ ದಿನ. ಅರಗಾನಿಗೆ ಅದು ನಾಡದಿನವಾದರೆ ಕ್ಯಾಟಲೋನಿಯಕ್ಕೆ ಪುಸ್ತಕ ಮತ್ತು ಗುಲಾಬಿ ಹೂವನ್ನು ಪ್ರೀತಿಪಾತ್ರರಿಗೆ ಕೊಡುವ ದಿನ. ಒಬ್ಬನೇ ಸಂತ, ಒಂದೇ ತಾರೀಖು, ಒಂದೇ ಪಟ್ಟೆ. ಆಚರಣೆಯ ಅರ್ಥ ಮಾತ್ರ ಬೇರೆ.

ಪಟ್ಟೆಗಳ ವಿವಾದ ನಿಜವಾಗಿ ಕಾವೇರಿದ್ದು ಭಾಷೆಯ ಪ್ರಶ್ನೆ ಅದರೊಡನೆ ಬೆರೆತಾಗ. ಸ್ಪೇನಿನ ಬೂರ್ಬನ್ ಅರಸರು 1707ರಿಂದ 1716ರ ನಡುವೆ ಹೊರಡಿಸಿದ ಕಟ್ಟಳೆಗಳಿಂದ ಈ ನಾಡುಗಳ ಹಳೆಯ ಸ್ವಾಯತ್ತತೆ ಕೊನೆಗೊಂಡಿತ್ತು. 1939ರಿಂದ 1975ರವರೆಗಿನ ಫ್ರಾಂಕೋ ಸರ್ವಾಧಿಕಾರದಲ್ಲಿ ಕ್ಯಾಟಲನ್ ನುಡಿಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಸ್ಥಾನ ತಪ್ಪಿತು. ಸೆನ್ಯೇರವನ್ನು ಬಹಿರಂಗವಾಗಿ ಹಾರಿಸುವುದು ಅಪರಾಧವಾಯಿತು. 1978ರ ಸಂವಿಧಾನ ಸ್ವಾಯತ್ತ ಪ್ರಾಂತಗಳಿಗೆ ತಮ್ಮದೇ ಬಾವುಟವನ್ನು ಹೊಂದುವ ಹಕ್ಕು ಕೊಟ್ಟಿತು. ವಲೆನ್ಸಿಯದಲ್ಲಿ ಆಗ ಎದ್ದ ಪ್ರಶ್ನೆ ಬಾವುಟದಲ್ಲಿ ನೀಲಿ ಇರಬೇಕೇ ಬೇಡವೇ ಎಂಬುದು. ಹೊರಗಿನವರಿಗೆ ಕ್ಷುಲ್ಲಕವಾಗಿ ತೋರುವ ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿತ್ತು: ವಲೆನ್ಸಿಯದ ಜನ ಆಡುವುದು ಕ್ಯಾಟಲನ್ ಭಾಷೆಯನ್ನೋ ಅಥವಾ ವಲೆನ್ಸಿಯನ್ ಎಂಬ ಬೇರೊಂದು ಭಾಷೆಯನ್ನೋ? ನುಡಿಯ ಏಕತೆಯನ್ನು ಒಪ್ಪಿದವರಲ್ಲಿ ಬಹುಮಂದಿ ಬರಿಯ ಪಟ್ಟೆಗಳನ್ನು ಬಯಸಿದರು. ಬಾರ್ಸೆಲೋನದ ಹಿರಿತನವನ್ನು ಒಲ್ಲದವರು ನೀಲಿಯನ್ನು ಹಿಡಿದರು. ‘ನಾವು, ವಲೆನ್ಸಿಯನ್ನರು’ ಎಂಬ ಅರ್ಥದ ಹೆಸರಿನ ಕೃತಿಯನ್ನು 1962ರಲ್ಲಿ ಬರೆದು ನುಡಿಯ ಏಕತೆಯನ್ನು ಪ್ರತಿಪಾದಿಸಿದ ವಲೆನ್ಸಿಯದ ಲೇಖಕ ಜುಆನ್ ಫುಸ್ತೆರ್ ಅವರ ಮನೆಯಲ್ಲಿ 1981ರಲ್ಲಿ ಬಾಂಬ್ ಸ್ಫೋಟವಾಯಿತು. ಮರುವರ್ಷದ ಸ್ವಾಯತ್ತತೆಯ ಶಾಸನದಲ್ಲಿ ನೀಲಿಯ ಬಾವುಟಕ್ಕೆ ಸ್ಥಾನ ದೊರೆಯಿತು. ನುಡಿಗೆ ‘ವಲೆನ್ಸಿಯನ್’ ಎಂಬ ಹೆಸರೇ ನಿಂತಿತು.

ಹೆಸರು ಬೇರೆಯಾದರೂ ನುಡಿ ಬೇರೆಯಾಗಲಿಲ್ಲ. 1998ರಲ್ಲಿ ಸ್ಥಾಪಿತವಾದ ವಲೆನ್ಸಿಯದ ಅಧಿಕೃತ ಭಾಷಾ ಅಕಾಡೆಮಿಯೇ 2005ರಲ್ಲಿ, ವಲೆನ್ಸಿಯನ್ ಮತ್ತು ಕ್ಯಾಟಲನ್ ಒಂದೇ ಭಾಷೆಯೆಂದು ಘೋಷಿಸಿತು. ಅರಗಾನಿನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಆ ಪ್ರಾಂತದ ಪೂರ್ವದ ಅಂಚಿನ ಜನ ಕ್ಯಾಟಲನ್ ಆಡುತ್ತಾರೆ. ಉತ್ತರದ ಪಿರನೀಸ್ ಕಣಿವೆಗಳಲ್ಲಿ ಅಳಿವಿನಂಚಿನಲ್ಲಿರುವ ಅರಗಾನೀಸ್ ಎಂಬ ನುಡಿಯಿದೆ. 2013ರ ಪ್ರಾಂತೀಯ ಕಾನೂನು ಕ್ಯಾಟಲನ್ ಎಂಬ ಹೆಸರನ್ನೇ ಬಿಟ್ಟು ಅದನ್ನು ‘ಪೂರ್ವ ಪ್ರದೇಶಕ್ಕೆ ವಿಶಿಷ್ಟವಾದ ಅರಗಾನಿನ ಭಾಷೆ’ ಎಂದು ಕರೆಯಿತು. ವ್ಯಾಪಕ ಪರಿಹಾಸ್ಯಕ್ಕೆ ಗುರಿಯಾದ ಆ ಹೆಸರು 2016ರಲ್ಲಿ ಬಿದ್ದುಹೋಗಿ ಹಳೆಯ ಹೆಸರುಗಳು ಮರಳಿದುವು. ಬಾವುಟದ ಗಡಿ ಮತ್ತು ನುಡಿಯ ಗಡಿ ಒಂದೇ ಅಲ್ಲವೆಂಬ ಸತ್ಯವನ್ನು ಕಾನೂನಿನಿಂದ ಮರೆಮಾಡಲು ಆಗಲಿಲ್ಲ.

ಸಾಹಿತ್ಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕ್ಯಾಟಲನ್ ಗದ್ಯಕ್ಕೆ ಘನತೆ ತಂದ ರಮೋನ್ ಲುಲ್ ಮಯೋರ್ಕದವನು. ಹದಿನೈದನೆಯ ಶತಮಾನದ ಮಹಾಕವಿ ಔಸಿಯಾಸ್ ಮಾರ್ಕ್ ವಲೆನ್ಸಿಯದವನು. ಸೆರ್ವಾಂಟಿಸನು ‘ಡಾನ್ ಕಿಹೋಟೆ’ಯಲ್ಲಿ ಮೆಚ್ಚಿ ಉಲ್ಲೇಖಿಸಿದ, 1490ರಲ್ಲಿ ಅಚ್ಚಾದ ‘ತಿರಾಂತ್ ಲೊ ಬ್ಲಾಂಕ್’ ಎಂಬ ವೀರಕಥೆಯನ್ನು ಬರೆದ ಜುಆನೊತ್ ಮಾರ್ತೊರೆಲ್ಲನೂ ವಲೆನ್ಸಿಯದವನೇ. ಬಾರ್ಸೆಲೋನದ ಬಾವುಟದ ನೆರಳಲ್ಲಿ ಹುಟ್ಟಿದವರನ್ನು ಮಾತ್ರ ಎಣಿಸಿದರೆ ಕ್ಯಾಟಲನ್ ಸಾಹಿತ್ಯದ ಮುಖ್ಯ ಅಧ್ಯಾಯಗಳೇ ಇಲ್ಲವಾಗುತ್ತವೆ. ಮಂಜೇಶ್ವರದ ಗೋವಿಂದ ಪೈಗಳನ್ನೂ ಮುಂಬಯಿಯಲ್ಲಿ ಕುಳಿತು ‘ಶಿಕಾರಿ’ಯನ್ನು ಬರೆದ ಯಶವಂತ ಚಿತ್ತಾಲರನ್ನೂ ಬಿಟ್ಟು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯಲಾಗದಷ್ಟೇ ಇದು ಸಹಜ.

ಒಂದು ನುಡಿ ತನ್ನ ನಾಡನ್ನು ಬಿಟ್ಟು ದೂರದಲ್ಲಿ ನೆಲೆಸಿದಾಗ ಏನಾಗುತ್ತದೆಂಬುದಕ್ಕೆ ಸಾರ್ಡೀನಿಯದ ಅಲ್ಗೇರೋ ಪಟ್ಟಣ ನಿದರ್ಶನ. 1354ರಲ್ಲಿ ಅದನ್ನು ಗೆದ್ದ ಅರಗಾನಿನ ದೊರೆ ಅಲ್ಲಿ ಕ್ಯಾಟಲನ್ನರನ್ನು ನೆಲೆಗೊಳಿಸಿದ. ಆರೂವರೆ ಶತಮಾನಗಳ ಬಳಿಕವೂ ಆ ಊರಿಗೆ ‘ಚಿಕ್ಕ ಬಾರ್ಸೆಲೋನ’ವೆಂಬ ಅಡ್ಡಹೆಸರಿದೆ, ನಗರದ ಲಾಂಛನದಲ್ಲಿ ಹವಳದ ಕೊಂಬೆಯೊಡನೆ ಹಳೆಯ ಪಟ್ಟೆಗಳಿವೆ. 1999ರಲ್ಲಿ ಇಟಲಿಯ ಕಾನೂನು ಕ್ಯಾಟಲನ್ನನ್ನು ಅಲ್ಪಸಂಖ್ಯಾತ ಭಾಷೆಗಳ ಪಟ್ಟಿಗೆ ಸೇರಿಸಿತು. ಆದರೆ ಅಷ್ಟು ಹೊತ್ತಿಗೆ ತಂದೆ ತಾಯಿಯರು ಮಕ್ಕಳೊಡನೆ ಇಟಾಲಿಯನ್ ಆಡತೊಡಗಿದ್ದರು. ಲಾಂಛನ ಕಲ್ಲಿನಲ್ಲಿ ಭದ್ರವಾಗಿ ಉಳಿದಿದೆ. ನುಡಿ ಹಿರಿಯರ ಬಾಯಿಗೆ ಸೀಮಿತವಾಗುತ್ತ ಬಂದಿದೆ. 1659ರ ಒಪ್ಪಂದದಿಂದ ಫ್ರಾನ್ಸಿಗೆ ಸೇರಿದ ಪೆರ್ಪಿನ್ಯಾ ನಗರದ ಸುತ್ತಲಿನ ಪ್ರದೇಶದ ಕಥೆಯೂ ಇಂಥದೇ. 1700ರಲ್ಲಿ ಹದಿನಾಲ್ಕನೆಯ ಲೂಯಿಯ ಆಜ್ಞೆ ಅಲ್ಲಿಯ ಸರಕಾರಿ ದಾಖಲೆಗಳಿಂದ ಕ್ಯಾಟಲನ್ನನ್ನು ಹೊರಗಟ್ಟಿತು. ಇಂದು ಆ ಊರಿನ ರಗ್ಬಿ ಪಂದ್ಯಗಳಲ್ಲಿ ಕೆಂಪು ಹಳದಿ ಬಣ್ಣಗಳು ಅಬ್ಬರದಿಂದ ಮೆರೆಯುತ್ತವೆ. ಬೀದಿಯ ಮಾತು ಬಹುಮಟ್ಟಿಗೆ ಫ್ರೆಂಚ್.

ಇವೆಲ್ಲ ನೆಂಟಸ್ತಿಕೆಯ ಹೋಲಿಕೆಗಳು. ಎರವಲಿಗೂ ಇಲ್ಲಿಯೇ ಉದಾಹರಣೆಯಿದೆ. ಕ್ಯಾಟಲೋನಿಯದ ಸ್ವಾತಂತ್ರ್ಯವಾದಿಗಳು ಹಿಡಿಯುವ ‘ಎಸ್ತೆಲಾದ’ ಬಾವುಟದಲ್ಲಿ ಪಟ್ಟೆಗಳ ಪಕ್ಕಕ್ಕೆ ನೀಲಿಯ ತ್ರಿಕೋನವೂ ಅದರಲ್ಲಿ ಬಿಳಿಯ ನಕ್ಷತ್ರವೂ ಇವೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರೂಪುಗೊಂಡ ಈ ವಿನ್ಯಾಸಕ್ಕೆ ಮಾದರಿಯಾದದ್ದು ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡ ಕ್ಯೂಬಾದ ಬಾವುಟ. 2017ರ ಜನಮತಗಣನೆಯ ದಿನಗಳಲ್ಲಿ ಬಾರ್ಸೆಲೋನದ ಬೀದಿಗಳಲ್ಲಿ ಸೆನ್ಯೇರ ಮತ್ತು ಎಸ್ತೆಲಾದ ಎರಡೂ ಕಂಡವು. ಮೊದಲನೆಯದನ್ನು ಸ್ಪೇನಿನೊಳಗೆ ಉಳಿಯಬಯಸುವವನೂ ಹಿಡಿಯಬಲ್ಲ, ಎರಡನೆಯದನ್ನು ಅವನು ಹಿಡಿಯಲಾರ. ಒಂದು ನಕ್ಷತ್ರದಿಂದ ಅರ್ಥ ಅಷ್ಟು ದೂರ ಸರಿಯಿತು.

ಮೂರನೆಯದು ಆಕಸ್ಮಿಕ ಹೋಲಿಕೆ. ಹಳದಿ ಕೆಂಪುಗಳ ಕನ್ನಡ ಬಾವುಟವನ್ನು ಬಲ್ಲವರಿಗೆ ಸೆನ್ಯೇರ ಪರಿಚಿತವೆನಿಸುವುದು ಸಹಜ. ಆದರೆ ಇವೆರಡರ ನಡುವೆ ಯಾವ ಸಂಬಂಧವೂ ಇಲ್ಲ. ಕನ್ನಡದ ಬಾವುಟ ಅರಸು ಮನೆತನದಿಂದ ಬಂದದ್ದಲ್ಲ. 1960ರ ದಶಕದಲ್ಲಿ ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿಯವರಿಂದ ರೂಪುಗೊಂಡು ಜನರ ನಡುವೆ ಬೆಳೆದದ್ದು. ಅದರ ಬಣ್ಣಗಳಲ್ಲಿ ಕನ್ನಡಿಗರು ಕಾಣುವುದು ರಕ್ತ ಮತ್ತು ಹೊನ್ನಿನ ಗುರಾಣಿಯನ್ನಲ್ಲ, ಅರಿಶಿನ ಕುಂಕುಮವನ್ನು. 2018ರಲ್ಲಿ ಕರ್ನಾಟಕ ಸರಕಾರ ಹಳದಿ, ಬಿಳಿ, ಕೆಂಪು ಬಣ್ಣಗಳ ನಡುವೆ ರಾಜ್ಯ ಲಾಂಛನವನ್ನಿಟ್ಟ ವಿನ್ಯಾಸವೊಂದನ್ನು ಒಪ್ಪಿ ಕೇಂದ್ರದ ಅನುಮೋದನೆಯನ್ನು ಕೋರಿತು. ಸ್ಪೇನಿನಲ್ಲಿರುವಂತೆ ಪ್ರಾಂತಗಳ ಬಾವುಟಕ್ಕೆ ಅವಕಾಶ ಕೊಡುವ ವಿಧಿ ಭಾರತದ ಸಂವಿಧಾನದಲ್ಲಿಲ್ಲ, ನಿಷೇಧಿಸುವ ವಿಧಿಯೂ ಇಲ್ಲ. ಹೀಗಾಗಿ ನವೆಂಬರ್ 1ರಂದು ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಕನ್ನಡ ಸಂಘವೊಂದು ಏರಿಸುವ ಬಾವುಟದ ಹಿಂದೆ ಶಾಸನದ ಬಲವಿಲ್ಲ. ಅದರ ಕೆಳಗೆ ನಿಂತವರು ಆಡುವ ನುಡಿಯೇ ಅದಕ್ಕಿರುವ ಬಲ.

ಹೊರನಾಡ ಕನ್ನಡಿಗರಿಗೆ ಈ ತುಲನೆ ಮುಖ್ಯವಾಗುವುದು ಇಲ್ಲಿಯೇ. ಬಾವುಟವಿಲ್ಲದೆ ಬದುಕಿದ ನುಡಿಗಳುಂಟು. ಫ್ರಾಂಕೋ ಕಾಲದ ನಾಲ್ಕು ದಶಕಗಳಲ್ಲಿ ಕ್ಯಾಟಲನ್ ಮನೆಯ ಮಾತಾಗಿ ಉಳಿದುಬಂದಿತು. ಬಾವುಟವಿದ್ದೂ ಕ್ಷೀಣಿಸಿದ ನುಡಿಗೆ ಅಲ್ಗೇರೋ ಸಾಕ್ಷಿ. ಮೊದಲನೆಯ ಕಡೆ ಮಕ್ಕಳಿಗೆ ಭಾಷೆಯನ್ನು ದಾಟಿಸುವ ಕೆಲಸ ನಿಲ್ಲಲಿಲ್ಲ, ಎರಡನೆಯ ಕಡೆ ನಿಂತಿತು; ವ್ಯತ್ಯಾಸವಿರುವುದು ಅಷ್ಟರಲ್ಲಿಯೇ. ರಾಜ್ಯೋತ್ಸವದ ದಿನ ಏರಿದ ಬಾವುಟ ಸಂಜೆಗೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಆ ಮನೆಗಳ ಮಕ್ಕಳು ಯಾವ ನುಡಿಯಲ್ಲಿ ಮಾತನಾಡುತ್ತಾರೆ, ಯಾವ ಲಿಪಿಯನ್ನು ಓದಬಲ್ಲರು ಎಂಬುದನ್ನು ಗಮನಿಸುವ ಹೊಣೆ ಹೊರನಾಡಿನ ಸಂಘಗಳಿಗೂ ಕನ್ನಡ ವಿಭಾಗಗಳಿಗೂ ಸಮಾನವಾಗಿ ಸೇರಿದ್ದು.