ವಿಚಾರಣೆ ಅಸಿಂಧುವಾದರೆ ಆರೋಪವೂ ಅಳಿಯುವುದೇ?

1998ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಯೊಂದರ ಬಿಲ್ ಕಲೆಕ್ಟರ್ 500 ರೂಪಾಯಿ ಲಂಚ ಪಡೆದರೆಂಬ ಆರೋಪ ಬಂತು. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, 2015ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿತು. ಹಣ ಪಡೆದದ್ದು ನಿಜವೇ ಎಂಬ ಪ್ರಶ್ನೆ ಅಲ್ಲಿ ನಿರ್ಣಾಯಕವಾಗಲಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಂತೆ, ಸರ್ಕಾರಿ ನೌಕರರನ್ನು ಕಟಕಟೆಗೆ ತರುವ ಮುನ್ನ ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಉಳ್ಳವರ ಪೂರ್ವಾನುಮತಿ ಬೇಕು. ಈ ಪ್ರಕರಣದಲ್ಲಿ ಅನುಮತಿ ಕೊಟ್ಟವರಿಗೆ ಆ ಅಧಿಕಾರವೇ ಇರಲಿಲ್ಲ.

ಹೀಗಾದಾಗ ಆರೋಪಿ ಶಾಶ್ವತವಾಗಿ ಪಾರಾದಂತೆ ಎಂದು ಹಲವರು ಭಾವಿಸುತ್ತಾರೆ. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಸಲ್ಲದೆಂದು ಸಂವಿಧಾನದ 20(2)ನೇ ವಿಧಿ ಹೇಳುವುದರಿಂದ ಈ ಭಾವನೆ ಸಹಜ. ಆದರೆ ಅನುಮತಿ ಸಿಂಧುವಲ್ಲದಿದ್ದರೆ ವಿಚಾರಣೆ ನಡೆಸುವ ಅಧಿಕಾರವೇ ನ್ಯಾಯಾಲಯಕ್ಕಿರುವುದಿಲ್ಲ. ಅಧಿಕಾರವಿಲ್ಲದೆ ನಡೆದದ್ದು ಕಾನೂನಿನ ಕಣ್ಣಲ್ಲಿ ವಿಚಾರಣೆಯೇ ಅಲ್ಲ. ಭೋಪಾಲ್‌ನ ಪ್ರಕರಣವೊಂದರಲ್ಲಿ 1957ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿತ್ತು. ಸರಿಯಾದ ಅನುಮತಿ ಪಡೆದು ಹೊಸದಾಗಿ ಮೊಕದ್ದಮೆ ಹೂಡಬಹುದೆಂದು 2015ರ ತೀರ್ಪೂ ಒಪ್ಪಿತು. ಇದು ನ್ಯಾಯವೆಂದೇ ನನ್ನ ನಿಲುವು. ಕಚೇರಿಯೊಂದು ತಪ್ಪಾಗಿ ಸಹಿ ಹಾಕಿದ ಮಾತ್ರಕ್ಕೆ ದೂರುದಾರನ ಸಾಕ್ಷ್ಯವನ್ನು ಯಾರೂ ಎಂದಿಗೂ ತೂಗದೆ ಬಿಟ್ಟುಬಿಡುವುದು ಸರಿಯಲ್ಲ.

ಸರ್ಕಾರ ಮಾಡಿದ ತಪ್ಪಿಗೆ ನೌಕರ ಯಾಕೆ ಮತ್ತೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕು ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಸಾಕ್ಷಿಗಳ ನೆನಪು ಮಾಸುತ್ತದೆ, ಆರೋಪಿಯ ಜೀವನ ಸ್ಥಗಿತಗೊಳ್ಳುತ್ತದೆ. ಆ ಬಿಲ್ ಕಲೆಕ್ಟರ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ತತ್ವವನ್ನು ಒಪ್ಪಿಯೂ ಹೊಸ ಮೊಕದ್ದಮೆಗೆ ಅವಕಾಶ ಕೊಡಲಿಲ್ಲ: ಹದಿನೇಳು ವರ್ಷ ಕಳೆದಿತ್ತು, ಮೊತ್ತವೂ ಚಿಕ್ಕದು. ಮರುವಿಚಾರಣೆಗೆ ಇರಬೇಕಾದ ಮಿತಿ ಇಂಥದ್ದೇ. ಆದರೆ ಕೋಟಿಗಟ್ಟಲೆ ನುಂಗಿದ ಆರೋಪ ಹೊತ್ತ ಹಿರಿಯ ಅಧಿಕಾರಿಗೂ ಕಾಲ ಕಳೆದದ್ದೇ ರಕ್ಷಣೆಯಾದರೆ, ವಿಳಂಬ ಮಾಡಿಸುವುದೇ ಲಾಭದ ದಾರಿಯಾದೀತು.

ನಿಜವಾದ ಪರಿಹಾರ ಆರಂಭದಲ್ಲೇ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಅನುಮತಿಯ ಬಗ್ಗೆ ಮೂರು ತಿಂಗಳಲ್ಲಿ ತೀರ್ಮಾನಿಸಲು, ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಯತ್ನಿಸುವಂತೆ ಹೇಳುತ್ತದೆ. ಅನುಮತಿ ಪತ್ರಕ್ಕೆ ಸಹಿ ಹಾಕಿದವರಿಗೆ ಆ ಅಧಿಕಾರವಿತ್ತೇ ಎಂಬುದನ್ನು ವಿಶೇಷ ನ್ಯಾಯಾಲಯಗಳು ಮೊದಲ ಸಾಕ್ಷಿಯನ್ನು ಕರೆಯುವ ಮುನ್ನವೇ ಇತ್ಯರ್ಥಪಡಿಸಲಿ.