ನಿಮಗಿದು ಗೊತ್ತೆ? ಅನೆಮೊನಿ: ನೆಲದಲ್ಲಿ ಹೂ, ನೀರಲ್ಲಿ ಬೇಟೆಗಾರ

ಅನೆಮೊನಿ ಎಂಬುದು ಒಂದು ಹೂವಿನ ಹೆಸರು. ಒಂದು ಕಡಲಜೀವಿಯ ಹೆಸರೂ ಹೌದು. ಗ್ರೀಕ್ ಭಾಷೆಯಲ್ಲಿ 'ಅನೆಮೊಸ್' ಎಂದರೆ ಗಾಳಿ. ಹಾಗಾಗಿ ಈ ಹೂವಿಗೆ 'ಗಾಳಿಯ ಮಗಳು' ಎಂದು ಅರ್ಥ ಹೇಳುವುದು ವಾಡಿಕೆ. ಗಾಳಿ ಬೀಸಿದರಷ್ಟೇ ಹೂ ಅರಳುತ್ತದೆ ಎಂದು ಹಿಂದಿನವರು ನಂಬಿದ್ದರು. ಆ ನಂಬಿಕೆಗೆ ಆಧಾರವಿಲ್ಲ. ಇದರ ದಳಗಳೂ ನಿಜವಾದ ದಳಗಳಲ್ಲ, ಬಣ್ಣ ಪಡೆದ ಪುಷ್ಪಪತ್ರಗಳು. ಮೆಡಿಟರೇನಿಯನ್ ತೀರದ ಕೆಂಪು ಅನೆಮೊನಿ 2013ರಲ್ಲಿ ಇಸ್ರೇಲಿನ ರಾಷ್ಟ್ರೀಯ ಹೂವಾಗಿ ಆಯ್ಕೆಯಾಯಿತು. ಹಿಮಾಲಯದಲ್ಲೂ ಈ ಕುಲದ ಗಿಡಗಳಿವೆ.

ಕಡಲ ಅನೆಮೊನಿಗೆ ಈ ಹೆಸರು ಬಂದದ್ದು ಅದರ ರೂಪದಿಂದ. ಬಂಡೆಗೆ ಅಂಟಿಕೊಂಡ ಕಾಂಡದಂಥ ಮೈ, ಮೇಲ್ತುದಿಯಲ್ಲಿ ದಳಗಳಂತೆ ಹರಡಿದ ಗ್ರಹಣಾಂಗಗಳು. ನೋಡಲು ಹೂವೇ, ಆದರೆ ಇದು ಮಾಂಸಾಹಾರಿ ಪ್ರಾಣಿ, ಹವಳ ಮತ್ತು ಅಂಬಲಿ ಮೀನುಗಳ ಬಳಗದ್ದು. ಗ್ರಹಣಾಂಗಗಳ ಮೇಲೆ ಸೂಕ್ಷ್ಮ ಕುಟುಕುಕೋಶಗಳಿವೆ. ಸಿಗಡಿಯೋ ಪುಟ್ಟ ಮೀನೋ ತಾಗಿದೊಡನೆ ಕೋಶದೊಳಗೆ ಸುರುಳಿ ಸುತ್ತಿಕೊಂಡಿದ್ದ ವಿಷದ ಎಳೆ ಚಿಮ್ಮಿ ಚುಚ್ಚುತ್ತದೆ. ಮರಗಟ್ಟಿದ ಬೇಟೆ ನಡುವಿನ ಬಾಯಿಗೆ ಹೋಗುತ್ತದೆ. ಜೀರ್ಣವಾಗದೆ ಉಳಿದದ್ದು ಹೊರಬೀಳುವುದೂ ಅದೇ ಬಾಯಿಂದಲೇ! ಕೆಲವು ಜಾತಿಗಳ ಗ್ರಹಣಾಂಗಗಳ ನಡುವೆ ಕ್ಲೌನ್ ಮೀನು ಮಾತ್ರ ನಿರಾತಂಕವಾಗಿ ಬಾಳುತ್ತದೆ. ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. 2003ರ 'ಫೈಂಡಿಂಗ್ ನೆಮೊ' ಚಿತ್ರದ ನೆಮೊನ ಮನೆಯೂ ಇಂಥದೇ ಅನೆಮೊನಿ.

ಬಳಕೆಯಲ್ಲಿ ಬರೀ 'ಅನೆಮೊನಿ' ಎಂದರೆ ಸಾಮಾನ್ಯವಾಗಿ ಹೂವು. ಪ್ರಾಣಿಯನ್ನು ಹೇಳುವಾಗ ಮುಂದೆ 'ಸೀ' ಅಥವಾ 'ಕಡಲ' ಎಂದು ಸೇರಿಸುತ್ತಾರೆ.